ಮಡುವಿನ ಸಾಲು

ಎಡಗಾಲು, ನೀರಿಗೆಂದು ತೊಡುವ ಬೂಟು ಸೇರಿದ ರಬ್ಬರ್ ಉಡುಪಿನೊಳಗೆ ಇಳಿಯಲು ಒಪ್ಪಲೇ ಇಲ್ಲ. ಬೆವನ್ ಟ್ರಕ್ಕಿನ ಹಿಂದಿನ ಹಲಗೆಯ ಮೇಲೆ ಕೂತು, ಅದು ತನ್ನ ಕಾಲೇ ಅಲ್ಲವೆನ್ನುವ ಹಾಗೆ ಮುಖ ಆಚೆಗೆ ತಿರುಗಿಸಿಕೊಂಡು ಪಿಹಂಗಾ ಬೆಟ್ಟವನ್ನು ನೋಡುತ್ತಿದ್ದ. ಅವನ ಹೆಂಡತಿ ನೋಲಾ ಇಬ್ಬನಿ ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ಮಂಡಿಯೂರಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೂಟಿನೊಳಕ್ಕೆ ತುರುಕುತ್ತಿದ್ದಳು. ಪಾದ ಬೂಟಿನ ಕತ್ತಿನವರೆಗೆ ಹೋಗಿ ಅಲ್ಲೇ ಸೊಟ್ಟಗೆ ಸಿಕ್ಕಿಕೊಳ್ಳುತ್ತಿತ್ತು.

"ಬೆರಳು ನೆಟ್ಟಗೆ ಮಾಡು."

"ಬೆರಳಿಗೇ ಹೇಳು. ನನ್ನ ಮಾತು ಕೇಳಲ್ಲ ಅದು."

"ನಿನ್ನ ಜೊತೆ ಇದ್ದೂ ಇದ್ದೂ ಕಲಿತಿದೆ."

ಬೆವನ್ ನಗಲಿಲ್ಲ. ಆದರೆ ಬಲಗೈ ಚಾಚಿ ಅವಳ ಉಣ್ಣೆ ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದು ಸರಿಮಾಡಿದ. ಕಾಲು ಕೊನೆಗೂ ಒಳಗೆ ಜಾರಿತು. ನೋಲಾ ಎದ್ದು ನಿಂತು, ಬೆವೆತ ಹಣೆಯನ್ನು ತೋಳಿನಿಂದ ಒರೆಸಿಕೊಂಡಳು. ನಡುಚಳಿಗಾಲದ ಜುಲೈ ತಿಂಗಳ ಆ ಕೊರೆತದಲ್ಲಿ ಬೆವರು ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಬೇಸಿಗೆಯಲ್ಲಿ ಟೊಮೇಟೊ ಗಿಡಗಳಿಗೆ ನೀರು ಹಾಕುತ್ತಾ ನಿಂತಿದ್ದವನು ಹಾಗೆಯೇ ಕುಸಿದಿದ್ದ. ಲಕ್ವ ಅವನ ಎಡಭಾಗವನ್ನು ತೆಗೆದುಕೊಂಡಿತು. ಮಾತು ಮೆಲ್ಲಗೆ ಮರಳಿತು, ಬೈಗುಳ ಮೊದಲು, ಉಳಿದದ್ದು ಆಮೇಲೆ. ಎಡಗೈ ಚಹಾದ ಬಟ್ಟಲನ್ನು ಹಿಡಿಯುವಷ್ಟು ಕೂಡ ಗಟ್ಟಿಯಾಗಲಿಲ್ಲ. ಎಡಗಾಲು ನಡೆಯುವಾಗ ಹಿಂದೆ ಹಿಂದೆ ಬರುತ್ತಿತ್ತು, ಕರೆದರೂ ಬಾರದ ಮುದಿ ನಾಯಿಯ ಹಾಗೆ. ಶರತ್ಕಾಲ ಕಳೆದು, ಮೊದಲ ಹಿಮ ಬಿದ್ದು, ಟೊಂಗರಿರೊ ನದಿಗೆ ಸರೋವರದಿಂದ ಟ್ರೌಟ್ ಮೀನು ಏರುವ ಕಾಲ ಬಂದಾಗ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದ್ದ:

"ಒಂದೇ ಸಲ, ನೋಲ್. ಬಡಗಿ ಮಡುವನ್ನ ತಲೆಯಿಂದ ಬಾಲದ ತನಕ ಒಂದು ಸಲ ಇಳೀತೀನಿ. ಆಗ್ಲಿಲ್ಲ ಅಂದ್ರೆ ಗಾಳದ ಕೋಲುಗಳನ್ನೆಲ್ಲ ಹೊಹೆಪಂಗೆ ಕೊಟ್ಬಿಡು. ಮತ್ತೆ ಆ ಮಾತು ಎತ್ತಲ್ಲ."

ನೋಲಾ ಒಪ್ಪಿದ್ದಳು. ತಾನು ಅಷ್ಟು ಬೇಗ ಒಪ್ಪಿದ್ದೇಕೆ ಎನ್ನುವುದು ಅವಳಿಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಪ್ರತಿ ಚಳಿಗಾಲವೂ ಅವಳು ಕಿಟಕಿಯ ಹತ್ತಿರ ಕೂತು ಟ್ರಕ್ಕಿನ ಸದ್ದಿಗೆ ಕಿವಿಗೊಟ್ಟು ಕಳೆದಿದ್ದಳು. ನೀರೆಂದರೆ ಅವಳಿಗೆ ಮೊದಲಿನಿಂದಲೂ ಭಯ. ನದಿಯ ದಂಡೆಗೆ ಬುತ್ತಿ ತಂದಿದ್ದುಂಟು, ಕಣಕಾಲು ನೆನೆಸಿದ್ದಿಲ್ಲ. ಅವನಿಗೆ ಆಗುವುದಿಲ್ಲ, ತಲೆಯ ಹತ್ತಿರದ ಬಂಡೆಗಳಲ್ಲೇ ಸೋತು ಹಿಂದಿರುಗುತ್ತಾನೆ, ಕೋಲುಗಳು ಮನೆಯಿಂದ ಹೋಗುತ್ತವೆ, ತಾನು ಇನ್ನು ಮುಂದೆ ಯಾವ ಸದ್ದಿಗೂ ಕಾಯಬೇಕಿಲ್ಲ. ಅವಳು ಲೆಕ್ಕ ಹಾಕಿದ್ದು ಹೀಗೆ. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುವಾಗ ಈ ಲೆಕ್ಕ ನೆನಪಾಗಿ, ಪ್ರಾಯಶ್ಚಿತ್ತವೆಂಬಂತೆ ಬೆಣ್ಣೆಯನ್ನು ದಪ್ಪವಾಗಿ ಹಚ್ಚಿದ್ದಳು.

ಅವಳು ಹಾಕಿದ್ದು ಒಂದೇ ಷರತ್ತು: ಅವನು ಒಬ್ಬನೇ ಇಳಿಯಕೂಡದು, ಸೊಂಟದ ಪಟ್ಟಿ ಹಿಡಿದುಕೊಂಡು ಹಿಂದೆ ತಾನೂ ಇರಬೇಕು. ಅದಕ್ಕಾಗಿ ಪಕ್ಕದ ಮನೆಯ ಹೊಹೆಪನ ಹೆಂಡತಿ ತುಯಿಯ ರಬ್ಬರ್ ಉಡುಪನ್ನು ಕೇಳಿ ತಂದಿದ್ದಳು. ತುಯಿ ಎತ್ತರದ, ಗಾತ್ರದ ಹೆಂಗಸು. ಅದರೊಳಗೆ ನೋಲಾಳಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು.

ಮನುಕಾ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಇಬ್ಬರೂ ಮೆಲ್ಲಗೆ ಹೋದರು. ನದಿ ಕಾಣುವ ಮೊದಲು ಅದರ ಸದ್ದು ಬಂತು, ಸದ್ದಿಗಿಂತ ಮೊದಲು ಅದರ ತಣ್ಣನೆಯ ಉಸಿರು ಬಂದು ಕೆನ್ನೆಗೆ ತಾಕಿತು. ಆಮೇಲೆ ಪೊದೆ ಸರಿದು ಮಡು ಕಾಣಿಸಿತು. ಮೇಲಿನ ಕೊರಕಲಿನಿಂದ ಬಿಳಿ ನೀರು ಉರುಳಿ ಬಂದು ಬಂಡೆಗಳ ನಡುವೆ ಸೀಳಿಕೊಂಡು ಬೀಳುವುದು ತಲೆ. ಅಲ್ಲಿಂದ ಮುಂದೆ ನೀರು ಒಮ್ಮೆಲೆ ದನಿ ತಗ್ಗಿಸಿ ಹಸಿರಾಗಿ, ಆಳವಾಗಿ, ಎದುರಿನ ಬಂಡೆಗೋಡೆಯನ್ನು ಸವರಿಕೊಂಡು ಹೋಗುವುದು ಹೊಟ್ಟೆ. ಕೆಳಗೆ ಬಹು ದೂರದಲ್ಲಿ ಬೀಸಣಿಗೆಯ ಹಾಗೆ ಅಗಲಗೊಂಡು ಜಲ್ಲಿಯ ಮೇಲೆ ತೆಳ್ಳಗೆ ಹರಿದು, ಮುಂದಿನ ಕೊರಕಲಿಗೆ ಧುಮುಕುವುದು ಬಾಲ.

ಮಡುವಿನಲ್ಲಿ ಯಾರೂ ಇರಲಿಲ್ಲ. ನೋಲಾ ಹೊಟ್ಟೆಯ ಹತ್ತಿರದ ಮರಳಿನ ದಂಡೆ ತೋರಿಸಿದಳು. "ಇಲ್ಲಿಂದಲೇ ಇಳಿಯೋಣ. ಅಡಿ ಮೆತ್ತಗಿದೆ. ಮೀನಿರೋದೂ ಇಲ್ಲೇ ತಾನೆ?"

"ಸಾಲು ತಪ್ಪಿಸೋದಾ?"

"ಯಾವ ಸಾಲು? ನರಪಿಳ್ಳೆ ಇಲ್ಲ."

"ಇಲ್ಲದಿದ್ರೇನು? ತಲೆಯಿಂದಲೇ ಇಳೀಬೇಕು." ಅವನು ಆಗಲೇ ಮೇಲಿನ ಬಂಡೆಗಳ ಕಡೆ ಊರುಗೋಲು ಊರಿಕೊಂಡು ಹೊರಟಿದ್ದ. "ವೆಲ್ಲಿಂಗ್ಟನ್ನಿಂದ ಬಂದ ಆ ವಕೀಲ ಗೊತ್ತಲ್ಲ, ನಡುವೆ ಬಂದು ನುಗ್ಗಿದವನು? ಅವನನ್ನ ದಡ ಹತ್ತಿಸಿ ಮೇಲೆ ಕಳಿಸಿದೋನು ನಾನು. ಇವತ್ತು ನಾನೇ ನಡುವೆ ಇಳಿದ್ರೆ, ಈ ಬಂಡೆಗಳೇ ನಗ್ತವೆ."

ಆ ವಕೀಲನ ಕಥೆಯನ್ನು ನೋಲಾ ಪ್ರತಿ ಚಳಿಗಾಲದಲ್ಲೂ ಕೇಳಿದ್ದಳು. ಬಡಗಿ ಮಡುವಿನಲ್ಲಿ ಒಂದೇ ಕಾನೂನು. ತಲೆಯಲ್ಲಿ ಇಳಿ, ಮೊದಲೇ ಇದ್ದವರ ಹಿಂದೆ. ಗಾಳ ಎಸೆ, ಅದು ಹರಿವಿನಲ್ಲಿ ತೇಲಿ ಅಡ್ಡ ಬರಲಿ, ಎಳೆದುಕೋ, ಒಂದು ಹೆಜ್ಜೆ ಕೆಳಗೆ ಸರಿ. ಮತ್ತೆ ಎಸೆ. ಸಾಲಾಗಿ ಎಲ್ಲರೂ ಹೀಗೆ ಸರಿಯುತ್ತಾ ಬಾಲ ಮುಟ್ಟಿ ದಡ ಹತ್ತಿ, ಬೇಕಿದ್ದರೆ ಮತ್ತೆ ಮೇಲಕ್ಕೆ ನಡೆದು ಕೊನೆಯವರಾಗಿ ನಿಲ್ಲಬೇಕು. ಒಳ್ಳೆಯ ಜಾಗ ಸಿಕ್ಕಿತೆಂದು ನಿಂತುಬಿಟ್ಟವನನ್ನು ಹಿಂದಿನವರು ಬಿಡುವುದಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಬೆವನ್. ಅವನ ದನಿಯನ್ನು ದೂರದ ಸೇತುವೆಯ ಮೇಲಿಂದಲೂ ಕೇಳಿದ್ದೇವೆಂದು ಜನ ಹೇಳುತ್ತಿದ್ದರು.

ನೀರಿಗೆ ಇಟ್ಟ ಮೊದಲ ಹೆಜ್ಜೆಯಲ್ಲೇ ನೋಲಾಳ ಉಸಿರು ನಿಂತಿತು. ಚಳಿಯಿಂದಲ್ಲ, ಅದು ಆಮೇಲೆ ಬಂತು. ನದಿ ಅವಳ ಕಾಲನ್ನು ಹಿಡಿದು ತಳ್ಳಿದ ರೀತಿಗೆ. ದಂಡೆಯಿಂದ ನೋಡುವಾಗ ನೀರು ಹರಿದು ಹೋಗುವ ವಸ್ತುವಾಗಿ ಕಾಣುತ್ತಿತ್ತು, ಒಳಗೆ ನಿಂತಾಗ ಅದು ಒಂದು ಪ್ರಾಣಿಯಾಗಿತ್ತು. ದೊಡ್ಡ ದನ ಮೈ ಒತ್ತಿಕೊಂಡು ಹಾದುಹೋಗುವಾಗ ಆಗುವಂತೆ, ಕೋಪವಿಲ್ಲದ, ಆದರೆ ನಿನ್ನನ್ನು ಲೆಕ್ಕಕ್ಕೇ ಇಡದ ಒಂದು ಬಲ. ಇಂಥದ್ದರಲ್ಲಿ ಇವನು ಇಷ್ಟು ವರ್ಷ ದಿನವಿಡೀ ನಿಲ್ಲುತ್ತಿದ್ದನೇ ಎಂದು ಅವಳು ಅವನ ಬೆನ್ನನ್ನು ನೋಡಿದಳು. ಪಟ್ಟಿ ಹಿಡಿದ ಬೆರಳುಗಳು ತಾವಾಗಿಯೇ ಬಿಗಿದುಕೊಂಡವು.

"ಹಿಡ್ಕೋ, ಆದ್ರೆ ಎಳೀಬೇಡ. ಗಾಡಿ ಎಳೆಯೋ ಎತ್ತಲ್ಲ ನಾನು."

ಬಲಗೈ ಮರೆತಿರಲಿಲ್ಲ. ಕೋಲು ಹಿಂದಕ್ಕೆ ಬಾಗಿತು, ದಾರ ಅವರ ತಲೆಯ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿತು, ಮುಂದೆ ಹೋಗಿ ಎದುರಿನ ಬಂಡೆಯ ಬುಡದಲ್ಲಿ ಸದ್ದಿಲ್ಲದೆ ಇಳಿಯಿತು. ಆದರೆ ಮರಳಿ ಎಳೆದುಕೊಳ್ಳಲು ಎಡಗೈ ಬೇಕು. ಅದು ಬದಿಯಲ್ಲಿ ಇಳಿಬಿದ್ದಿತ್ತು. ನೋಲಾ ಒಂದು ಕೈಯಲ್ಲಿ ಪಟ್ಟಿ ಹಿಡಿದೇ ಇನ್ನೊಂದು ಕೈ ಮುಂದೆ ಚಾಚಿ, ಅವನು ಹೇಳಿದ ಹಾಗೆ ದಾರವನ್ನು ಗೇಣು ಗೇಣಾಗಿ ಎಳೆದಳು. ತೊಯ್ದ ದಾರ ಬೆರಳನ್ನು ಕೊಯ್ಯುವಷ್ಟು ತಣ್ಣಗಿತ್ತು. ಗಾಳ ಹತ್ತಿರ ಬಂದಾಗ ಅವಳು ನೀರಿನೊಳಗೆ ನೋಡಿ ನಿಂತುಬಿಟ್ಟಳು.

ಅದು ಮೀನನ್ನು ಮರುಳು ಮಾಡಲು ಅವಳೇ ಕಟ್ಟಿದ ಹುಸಿ ನೊಣ. ಅಡುಗೆಮನೆಯ ಕಿಟಕಿಯಲ್ಲಿ, ಪುಟ್ಟ ಇಕ್ಕಳದಲ್ಲಿ ಕೊಕ್ಕೆ ಸಿಕ್ಕಿಸಿ, ಅಳಿಲ ಬಾಲದ ಕೂದಲು, ಕೆಂಪು ಉಣ್ಣೆ, ಹುಂಜದ ಕತ್ತಿನ ಗರಿ ಸುತ್ತಿ ಸುತ್ತಿ ಅವಳು ಕಟ್ಟಿದ ನೊಣಗಳಿಗೆ ಲೆಕ್ಕವೇ ಇರಲಿಲ್ಲ. ಅವು ಡಬ್ಬಿಯೊಳಗೆ ಹೋಗುತ್ತಿದ್ದವು, ಮುರುಟಿ ಮರಳಿ ಬರುತ್ತಿದ್ದವು ಅಥವಾ ಬರುತ್ತಿರಲಿಲ್ಲ. ನೀರಿನಲ್ಲಿ ಅವುಗಳನ್ನು ಎಂದೂ ನೋಡಿರಲಿಲ್ಲ. ಈಗ ಆ ಒಣ ಕೂದಲ ಗಂಟು ಹಸಿರು ನೀರಿನಲ್ಲಿ ಉಸಿರಾಡುತ್ತಿತ್ತು. ಗರಿ ತೆರೆಯಿತು, ಮುಚ್ಚಿತು, ಬಾಲ ನಡುಗಿತು, ಹರಿವು ಮೆತ್ತಗಾದಲ್ಲಿ ಯೋಚಿಸುವಂತೆ ನಿಂತು ಮತ್ತೆ ಮುಂದೆ ಬಂತು.

"ಬೆವನ್, ಇದು ಬದುಕಿದೆ."

"ಮತ್ತೆ? ಸತ್ತಿದ್ದನ್ನ ಯಾವ ಮೀನು ತಿನ್ನುತ್ತೆ?" ಅಂದ ಬೆವನ್. ಆಮೇಲೆ, ಮುಖ ತಿರುಗಿಸದೆ, "ನಿನ್ನ ಥರ ಕಟ್ಟೋರು ಈ ನದೀಲಿ ಯಾರೂ ಇಲ್ಲ. ಹೇಳಿದ್ದೀನಲ್ಲ," ಎಂದು ಸೇರಿಸಿದ.

ಅವನು ಅದನ್ನು ಎಂದೂ ಹೇಳಿರಲಿಲ್ಲ. ಹೇಳಿದ್ದೇನೆಂದೇ ಅವನು ನಂಬಿದ್ದಂತೆ ಕಂಡಿತು. ನೋಲಾ ದಾರದ ಉಳಿದ ಗೇಣನ್ನು ಎಳೆದುಕೊಂಡಳು.

ಎಸೆತ, ಎಳೆತ, ಹೆಜ್ಜೆ. ಹೆಜ್ಜೆ ಎಲ್ಲಕ್ಕಿಂತ ಕಷ್ಟದ್ದು. ಅವನು ಗಾಳದ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಸೊಂಟಕ್ಕೆ ಕಟ್ಟಿದ್ದ ಊರುಗೋಲು ಊರಿ ಬಲಗಾಲಿಗೆ ಭಾರ ಹಾಕುತ್ತಿದ್ದ, ಅವಳು ಬಗ್ಗಿ ಅವನ ಎಡ ಮಂಡಿಯ ಹಿಂದೆ ಕೈ ಕೊಟ್ಟು ಕಾಲನ್ನು ಎತ್ತಿ ಕೆಳಗಿನ ಕಲ್ಲಿನ ಮೇಲೆ ಇಡುತ್ತಿದ್ದಳು. ದಾರ ಹಾಯುವ ಬಳೆಗಳಲ್ಲಿ ಮಂಜು ಕಟ್ಟಿ ಅದು ಓಡದಾದಾಗ, ಅವನು ಗಾಳದ ಕೋಲನ್ನು ಹಿಂದಕ್ಕೆ ಚಾಚುತ್ತಿದ್ದ, ಅವಳು ತುದಿಯ ಬಳೆಯನ್ನು ಬಾಯಲ್ಲಿಟ್ಟು ಕರಗಿಸುತ್ತಿದ್ದಳು. ಒಮ್ಮೆ ತುಟಿ ಅಂಟಿಕೊಂಡು ಸಿಪ್ಪೆ ಎದ್ದಿತು. ತಲೆಯ ಬಂಡೆಗಳು ಹಿಂದಾದವು. ತನ್ನ ಲೆಕ್ಕ ತಪ್ಪುತ್ತಿದೆ ಎಂದು ಅವಳಿಗೆ ಅನಿಸಿತು. ಅದರಿಂದ ಸಂತೋಷವೋ ದಿಗಿಲೋ ತಿಳಿಯಲಿಲ್ಲ.

ಅಷ್ಟರಲ್ಲಿ ದಂಡೆಯ ಮೇಲೆ ಕೆಮ್ಮು ಕೇಳಿಸಿತು. ಹೊಹೆಪ. ಮಿಲ್ಲಿನಲ್ಲಿ ಬೆವನ್‌ನ ಜೊತೆ ಮರ ಕೊಯ್ದವನು, ಪಕ್ಕದ ಮನೆಯವನು, ಇಲ್ಲಿನ ಮೂಲನಿವಾಸಿ, ಈ ನದಿಗೆ ಅವನಿಗಿಂತ ಬಹಳ ಹಿಂದಿನ ನೆಂಟ. ಅವನ ಹಿಂದೆ ನಲ್ಲಿ ರಿಪೇರಿಯ ಗಾರ್ತ್. ಅವರಿಬ್ಬರ ಹಿಂದೆ ಗರಿಗರಿ ಜಾಕೆಟ್ ತೊಟ್ಟ ಒಬ್ಬ ಅಪರಿಚಿತ.

"ಅಕ್ಕಾ! ತುಯಿ ಉಡುಪೊಳಗೆ ನೀನೊಬ್ಳೇನಾ, ಇನ್ಯಾರಾದ್ರೂ ಇದ್ದಾರಾ?"

"ಬಾಡಿಗೆಗೆ ಕೊಡೋಣ ಅಂತಿದ್ದೀನಿ. ಬೇಕಾ?"

ಹೊಹೆಪ ನಕ್ಕು ಬೆವನ್‌ನ ಕಡೆ ನೋಡಿದ. "ರಾತ್ರಿ ಗಾಳಿ ತಿರುಗಿದೆ," ಎಂದಷ್ಟೇ ಹೇಳಿದ. "ನೀರು ಒಂದು ಬೆರಳು ಏರಿದೆ. ನದಿ ಬಾಯಲ್ಲಿ ಕಾಯ್ತಿರೋ ಮೀನು ಹೊರಟಿರಬೇಕು." ಅವನು ತಲೆಯಲ್ಲಿ ಇಳಿದು ಅವರ ಹಿಂದೆ ನಿಂತ. ಗಾರ್ತ್ ಅವನ ಹಿಂದೆ, ಅಪರಿಚಿತ ಗಾರ್ತ್‌ನ ಹಿಂದೆ. ಸಾಲು ಆಯಿತು.

ಹೊಟ್ಟೆ ಶುರುವಾಗುವಲ್ಲಿ ಎರಡು ಬಂಡೆಗಳ ಸಂದಿನಲ್ಲಿ ಬೆವನ್‌ನ ಎಡಗಾಲು ಸಿಕ್ಕಿತು. ನೋಲಾ ಬಗ್ಗಿ ಎಳೆದಳು. ಬರಲಿಲ್ಲ. ತೋಳು ಪೂರ್ತಿ ಮುಳುಗಿಸಿ ಬೂಟಿನ ಹಿಮ್ಮಡಿ ತಡಕಿದಳು. ನೀರು ಕಂಕುಳಿನಿಂದ ಒಳಗೆ ನುಗ್ಗಿ ಎದೆಯವರೆಗೆ ಹರಿದು ಅವಳು ಅಯ್ಯೋ ಎಂದಳು. ಅವನು ಬಲಗಾಲಿನ ಮೇಲೆ ಪೂರ್ತಿ ವಾಲಿದ್ದರೆ ಎಡಗಾಲು ಬಿಡುತ್ತಿತ್ತೇನೋ. ಅವನಿಗೆ ವಾಲಲು ಧೈರ್ಯವಿರಲಿಲ್ಲ. ಬೆವನ್ ಮತ್ತೆ ಅದೇ ಜಾಗಕ್ಕೆ ಗಾಳ ಎಸೆದ. ಮತ್ತೆ ಎಸೆದ.

"ನೋಲ್, ಹಿಂದಿನೋರು ಏನ್ ಮಾಡ್ತಿದ್ದಾರೆ?"

ಅವಳು ತಿರುಗಿ ನೋಡಿದಳು. ಮೂವರೂ ನಿಂತಲ್ಲೇ ನಿಂತಿದ್ದರು. ಹೊಹೆಪ ತಾನು ಆಗಲೇ ಎಸೆದಿದ್ದ ನೀರಿಗೇ ಮತ್ತೆ ಎಸೆಯುತ್ತಿದ್ದ, ನಿಧಾನವಾಗಿ, ಅವರ ಕಡೆ ನೋಡದೆ. ಗಾರ್ತ್ ಸಿಕ್ಕೇ ಇಲ್ಲದ ದಾರದ ಸಿಕ್ಕು ಬಿಡಿಸುತ್ತಿದ್ದ.

"ನಿಂತಿದ್ದಾರೆ."

"ಬೈತಿಲ್ವಾ?"

"ಇಲ್ಲ."

ಬೆವನ್‌ನ ಕಿವಿ ಕೆಂಪಗಾಗಿತ್ತು. "ಆ ಹೊಹೆಪ ಅವರಪ್ಪನ್ನೇ ಬಿಟ್ಟೋನಲ್ಲ. ಮುದುಕ ಕೆಮ್ಮೋಕೆ ಅಂತ ನಿಂತ್ರೆ, ಕೆಮ್ತಾ ಸರಿಯಪ್ಪಾ ಅಂತ ಕೂಗೋನು. ಈಗ ನೋಡು, ಹೆಣದ ಮುಂದೆ ನಿಂತ ಹಾಗೆ ನಿಂತಿದ್ದಾನೆ." ಗಾಳ ಹರಿವಿನಲ್ಲಿ ತೇಲಿ ಬಂದು ಕೆಳಗೆ ತೂಗಾಡುತ್ತಿತ್ತು. ಅವನು ಎಳೆಯಲು ಹೇಳಲಿಲ್ಲ. "ಸಾಕು. ದಡಕ್ಕೆ ಕರ್ಕೊಂಡ್ ಹೋಗು."

ಈ ಮಾತಿಗಾಗಿಯೇ ಅವಳು ಬಂದಿದ್ದಳು. ದಡ ಕೈಗೆಟಕುವಷ್ಟು ಹತ್ತಿರವಿತ್ತು. ಹೊಹೆಪನನ್ನು ಕರೆದರೆ ಅವನು ಬಂದು ಕಾಲು ಬಿಡಿಸಿ ತೋಳುಕೊಟ್ಟು ಹತ್ತಿಸುತ್ತಾನೆ. ಟ್ರಕ್ಕಿನಲ್ಲಿ ಬಿಸಿ ಚಹಾ ಇದೆ, ಕೀಮಾ ತುಂಬಿದ ಪೈ ಇದೆ. ಸಂಜೆಗೆ ಕೋಲುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಪಕ್ಕದ ಮನೆಗೆ ಕೊಟ್ಟು ಬಂದರೆ ಮುಗಿಯಿತು. ಒದ್ದೆಯಾದ ತೋಳು ಸೆಟೆದುಕೊಳ್ಳುತ್ತಿತ್ತು. ಅವಳು ಅವನ ಕತ್ತಿನ ಹಿಂಭಾಗ ನೋಡಿದಳು, ತಾನೇ ಕತ್ತರಿಸಿದ ಸೊಟ್ಟಸೊಟ್ಟ ಕೂದಲು. ಆಮೇಲೆ ಹಿಂದೆ ತಿರುಗಿ, ನೀರಿನ ಸದ್ದನ್ನು ಮೀರಿಸಿ ಕೂಗಿದಳು.

"ಹೊಹೆಪಾ! ನಾಲಿಗೆ ಮನೇಲಿ ಬಿಟ್ಟು ಬಂದಿದ್ಯಾ? ಆಗಿಂದ ಇಲ್ಲೊಬ್ಬ ದಾರಿಗಡ್ಡ ನಿಂತಿದ್ದಾನೆ, ಕಣ್ಣು ಕಾಣ್ಸಲ್ವಾ?"

ಹೊಹೆಪ ಅವಳನ್ನು ದಿಟ್ಟಿಸಿದ. ಅವಳು ಕಣ್ಣು ತೆಗೆಯಲಿಲ್ಲ. ಅವನು ಒಮ್ಮೆ ಆಕಾಶ ನೋಡಿ, ಎದೆ ತುಂಬ ಉಸಿರೆಳೆದುಕೊಂಡ.

"ಲೋ ಬೆವನ್! ಸರಿಯೋ ಮುಂದೆ! ಆ ಬಂಡೇನ ಮದ್ವೆ ಆಗಿದ್ಯಾ? ಮನೆಗ್ ಕರ್ಕೊಂಡ್ ಹೋಗಿ ಸಂಸಾರ ಮಾಡು, ಮಡು ನಮಗೆ ಬಿಡು!"

ಗಾರ್ತ್ ತಲೆಯೆತ್ತಿದ. ಅವನ ಮುಖದಲ್ಲಿ ದೊಡ್ಡ ಬಿಡುಗಡೆ ಕಂಡಿತು. "ಬೇರು ಬಿಟ್ಟಿದ್ದಾನೆ ನೋಡೋ! ತಡಿ, ವಸಂತಕ್ಕೆ ಹೂ ಬಿಡ್ತಾನೆ!"

"ಹೂ ಅಲ್ಲ, ಅಣಬೆ!" ಎಂದ ಹೊಹೆಪ.

ಅಪರಿಚಿತ ಗಾಬರಿಯಾಗಿ ಕೈಯೆತ್ತಿದ. "ಛೆ, ಏನ್ರೀ ಇದು, ಅವರಿಗೆ ಹುಷಾರಿಲ್ಲ ಅಂತ ಕಾಣುತ್ತೆ—"

"ನೀನು ಸುಮ್ನಿರಯ್ಯಾ," ಎಂದರು ಇಬ್ಬರೂ ಒಟ್ಟಿಗೆ.

ಬೆವನ್ ಸೊಂಟದ ಮೇಲಿನ ಮೈಯನ್ನಷ್ಟೇ ತಿರುಗಿಸಿ, ನೋಲಾ ತಿಂಗಳುಗಳಿಂದ ಕೇಳಿರದ ದನಿಯಲ್ಲಿ ಅಬ್ಬರಿಸಿದ: "ಮುಚ್ರೋ ಬಾಯಿ! ಹೊಹೆಪ, ನೀನು ಮೀನು ಹಿಡಿದ ದಿನ ಈ ನದಿ ಹಿಂದಕ್ಕೆ ಹರಿಯುತ್ತೆ! ಗಾರ್ತ್, ನೀನು ಜೋಡಿಸಿದ ನಲ್ಲಿ ಈ ಮಡುಗಿಂತ ಜಾಸ್ತಿ ಸೋರುತ್ತೆ!" ಹೇಳುತ್ತಾ ಹೇಳುತ್ತಾ ಅವನಿಗೆ ನಗು ಬಂತು. ನಗು ಹೊಟ್ಟೆಯಿಂದ ಎದ್ದು ಭುಜ ಕುಲುಕಿಸಿತು, ಮೈಯೆಲ್ಲ ಬಲಕ್ಕೆ ವಾಲಿತು, ನೋಲಾ ಬಗ್ಗಿ ಎಳೆದಳು. ಕಾಲು ಸಂದಿನಿಂದ ಬಿಟ್ಟುಕೊಂಡಿತು.

ಅಲ್ಲಿಂದ ಮುಂದೆ ಹಿಂದಿನವರು ಬಾಯಿ ಮುಚ್ಚಲೇ ಇಲ್ಲ. ಸ್ವಲ್ಪ ತಡವಾದರೆ ಸಾಕು, ಬಸವನ ಹುಳ ಎಂದರು, ಚರ್ಚಿನ ಕಂಬ ಎಂದರು. ಬೆವನ್ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಮೋಡ ಇಳಿದು ಬೆಟ್ಟ ಮರೆಯಾಯಿತು, ಹಿಮ ಬೆರೆತ ಮಳೆ ಸಣ್ಣಗೆ ಹಿಡಿಯಿತು. ಹೊಟ್ಟೆಯ ಅತ್ಯಂತ ಆಳದ ಜಾಗದಲ್ಲಿ ನೋಲಾ ದಾರ ಎಳೆಯುತ್ತಿದ್ದಾಗ ಅದು ನಿಂತಿತು. ಕಲ್ಲಿಗೆ ಸಿಕ್ಕಿತೆಂದುಕೊಂಡಳು. ಕಲ್ಲು ತಲೆ ಕೊಡವಿತು.

"ಬಿಡು! ದಾರ ಬಿಡು!"

ದಾರ ಬೆರಳುಗಳ ನಡುವೆ ಸುಟ್ಟುಕೊಂಡು ಓಡಿತು. ರೀಲು ಕಿರುಚಿತು. ಎದುರಿನ ಬಂಡೆಗೋಡೆಯ ಬಳಿ ನೀರು ಒಡೆದು, ಒಳಗಿನಿಂದ ಬೆಳ್ಳಿಯ ಹಲಗೆಯೊಂದು ನೆಟ್ಟಗೆ ಮೇಲೆದ್ದಿತು. ಅಷ್ಟು ಬೂದು ಬಣ್ಣದ ದಿನದಲ್ಲಿ ಅಷ್ಟೊಂದು ಬೆಳಕು ಎಲ್ಲಿತ್ತೋ. ಅದು ಗಾಳಿಯಲ್ಲಿ ಮೈ ತಿರುಚಿ, ಪಕ್ಕೆಯ ನಸುಗೆಂಪು ಗೆರೆ ತೋರಿಸಿ, ಬಿದ್ದು, ಮಡುವಿನುದ್ದಕ್ಕೂ ಕೆಳಗೆ ಓಡಿತು. ಹಿಂದಿನವರು ಮಾತಿಲ್ಲದೆ ತಮ್ಮ ದಾರಗಳನ್ನು ಸುತ್ತಿಕೊಂಡು ಜಾಗ ಕೊಟ್ಟರು. ಕೋಲು ಬಿಲ್ಲಾಗಿ ಬಾಗಿತ್ತು. ಬೆವನ್ ಅದನ್ನು ಎದೆಗೆ ಒತ್ತಿಕೊಂಡಿದ್ದ, ನೋಲಾ ಎರಡೂ ತೋಳುಗಳಿಂದ ಅವನ ಸೊಂಟವನ್ನು ತಬ್ಬಿದ್ದಳು. ಆ ಬಲ ದಾರದಿಂದ ಕೋಲಿಗೆ, ಕೋಲಿನಿಂದ ಅವನ ಎದೆಗೆ, ಅಲ್ಲಿಂದ ಅವಳ ಕೆನ್ನೆಗೆ ದಾಟಿ ಬಂದು ಮಿಡಿಯುತ್ತಿತ್ತು. ಮೀನು ಬಾಲದಾಚೆಯ ಬಿಳಿ ನೀರಿಗೆ ಇಳಿದಾಗ ದಾರ ಕಡಿದು ಸಡಿಲಾಯಿತು.

ಬೆವನ್ ನೆಟ್ಟಗಾದ ಕೋಲನ್ನು ಎದೆಯಿಂದ ಇಳಿಸಿದ.

"ಹೋಯ್ತು," ಎಂದಳು ನೋಲಾ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಹೋಗ್ಲಿ ಬಿಡು. ನೋಡಿದ್ಯಲ್ಲ?"

"ನೋಡ್ದೆ."

ಅವನು ಜೇಬಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಮರಗಟ್ಟಿದ ಬೆರಳುಗಳಿಂದ ಅವಳು ದಾರದ ತುದಿಗೆ ಹೊಸ ನೊಣ ಕಟ್ಟಿದಳು. ಗಂಟನ್ನು ಉಗುಳಿನಿಂದ ಒದ್ದೆ ಮಾಡಿ ಬಿಗಿಯುವಾಗ ಇನ್ನೂ ಎಷ್ಟು ದೂರವಿದೆಯೆಂದು ಕೆಳಗೆ ನೋಡಿದಳು, ಬೇಗ ಮುಗಿದುಹೋಗುತ್ತದೇನೋ ಎಂಬ ಹೆದರಿಕೆಯಿಂದ.

ಬಾಲಕ್ಕೆ ಬರುವ ಹೊತ್ತಿಗೆ ಬೆಳಕು ಇಳಿಯತೊಡಗಿತ್ತು. ನೀರು ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ತಗ್ಗಿತು. ಅಡಿಯಲ್ಲಿ ಸಣ್ಣ ಜಲ್ಲಿ, ಹೆಜ್ಜೆ ಸುಲಭ. ಕೊರಕಲಿಗೆ ನೀರು ಮುರಿದು ಬೀಳುವ ಅಂಚಿನ ಮೇಲುಗಡೆ ಬೆವನ್ ನಿಂತ. ಇದಕ್ಕಿಂತ ಕೆಳಗೆ ಮಡು ಇರಲಿಲ್ಲ.

"ಅಷ್ಟೇ," ಎಂದ.

ಹಿಂದಿನಿಂದ ಯಾರೂ ಕೂಗಲಿಲ್ಲ. ಏನಾದರೂ ಹೇಳಬೇಕೆಂದು ನೋಲಾ ಬಾಯಿ ತೆರೆಯುವಷ್ಟರಲ್ಲಿ ಅಂಚಿನ ಬಿಳಿ ನೀರಿನಲ್ಲಿ ಏನೋ ಕಪ್ಪಗೆ ಮೇಲೆದ್ದು ಇಳಿಯಿತು. ಮರದ ತುಂಡಿರಬೇಕು. ಆದರೆ ತುಂಡು ಮೇಲಕ್ಕೆ ಹರಿಯುವುದಿಲ್ಲ. ಮತ್ತೊಂದು ಎದ್ದಿತು. ತೆಳುನೀರಿನ ಮೇಲೆ ಬಾಣದ ಮೊನೆಯಂತಹ ಅಲೆಗಳು ಮೂಡಿ ಅವರ ಕಡೆಗೇ ಬರತೊಡಗಿದವು. ಒಂದರ ಹಿಂದೆ ಒಂದು, ಒಂದರ ಬಗಲಲ್ಲಿ ಇನ್ನೊಂದು, ಆಮೇಲೆ ಬಾಲದ ಅಗಲಕ್ಕೂ.

"ಬೆವನ್..."

"ಅಲ್ಲಾಡ್ಬೇಡ."

ಮೀನುಗಳು. ಸರೋವರ ಬಿಟ್ಟು, ತಾವು ಹುಟ್ಟಿದ ಹಳ್ಳಗಳಿಗೆ ಮೊಟ್ಟೆಯಿಡಲು ಹೊರಟವು. ನೀರು ಸಾಲದೆ ಅವುಗಳ ಬೆನ್ನು ಹೊರಗಿತ್ತು. ಈಜುರೆಕ್ಕೆಗಳ ಮೇಲೆ ಹಿಮದ ಹರಳು ಬಿದ್ದು ಕರಗುತ್ತಿತ್ತು. ಸರೋವರದ ಬೆಳ್ಳಿ ಇನ್ನೂ ಮಾಸದವು, ಮೈ ಕಪ್ಪಾಗಿ ದವಡೆ ಕೊಕ್ಕೆಯಾದ ಗಂಡುಗಳು, ಪಕ್ಕೆಯಲ್ಲಿ ಹಳೆಯ ಗಾಯವಿದ್ದ ಒಂದು, ಕಣ್ಣಿಲ್ಲದ ಒಂದು. ನೋಲಾಳ ಮೊಣಕಾಲಿಗೆ ಏನೋ ಢಿಕ್ಕಿ ಹೊಡೆಯಿತು, ಇನ್ನೊಂದು ಕಣಕಾಲು ಸವರಿ ಹೋಯಿತು. ಅವಳ ಕಾಲುಗಳ ನಡುವೆ, ಅವನ ಕಾಲುಗಳ ನಡುವೆ, ಅವು ಇವರನ್ನು ಗಮನಿಸದೆ ಏರಿದವು. ಇವರು ದಿನವಿಡೀ ಇಳಿದು ಬಂದ ದಾರಿಯನ್ನೇ ಹಿಡಿದು ಹೊರಟಿದ್ದವು.

ಬೆವನ್ ಕೋಲನ್ನು ನೆಟ್ಟಗೆ ಮೇಲೆತ್ತಿ ಹಿಡಿದಿದ್ದ. ಗಾಳ ನೀರಿನಿಂದಾಚೆ ಗಾಳಿ ಬೀಸಿದತ್ತ ತೂಗುತ್ತಿತ್ತು. ಮೇಲೆ ಹೊಹೆಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವ ದನಿಯಲ್ಲಿ ತನ್ನ ಜನರ ಮಾತಿನಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದ. ಅಪರಿಚಿತ ಗಾಳ ಎಸೆಯಲು ಕೋಲೆತ್ತಿದವನು ಉಳಿದವರನ್ನು ನೋಡಿ, ಕೋಲನ್ನು ಇಳಿಸಿ ನಿಂತ.

ಎಷ್ಟು ಹೊತ್ತಾಯಿತೋ. ಅಲೆಗಳು ವಿರಳವಾದವು. ಕೊನೆಯದೆಂದುಕೊಂಡ ಮೇಲೂ ಒಂದೆರಡು ಬಂದವು. ನೋಲಾ ಕೆಳಗೆ ನೋಡಿದಳು. ಬೆವನ್‌ನ ಎಡಗಾಲಿಗೆ ಬಡಿದು ನೀರು ಎರಡಾಗಿ ಸೀಳುತ್ತಿತ್ತು, ಸೀಳಿದ ನೀರು ಕೂಡುವ ಮೊದಲು ಕಾಲಿನ ಕೆಳಬದಿಯಲ್ಲಿ ಒಂದಿಷ್ಟು ಜಾಗ ಮೆತ್ತಗಿತ್ತು. ಅಲ್ಲಿ ಹೊಟ್ಟೆ ತುಂಬಿದ ಒಂದು ಹೆಣ್ಣು ಮೀನು, ಕೊರಕಲು ಹತ್ತಿ ದಣಿದು, ಮೂತಿಯನ್ನು ಅವನ ಬೂಟಿಗೆ ತಾಕಿಸುವಷ್ಟು ಹತ್ತಿರ ನಿಂತಿತ್ತು.

"ಏನ್ ನೋಡ್ತಿದ್ದೀಯ?" ಅವನು ಪಿಸುಗುಟ್ಟಿದ.

"ನಿನ್ನ ಎಡಗಾಲ ಮರೇಲಿ ಒಂದು ನಿಂತಿದೆ. ಸುಧಾರಿಸಿಕೊಳ್ತಿದೆ."

ಅವನಿಗೆ ಅದು ತಿಳಿದಿರಲಿಲ್ಲ. ತಿರುಗಿ ನೋಡಲು ಹೊರಟವನು ಅರ್ಧಕ್ಕೇ ತಡೆದುಕೊಂಡು, ಗಾಳದ ಕೋಲನ್ನು ಕಂಕುಳಿಗೆ ಸೇರಿಸಿ ಊರುಗೋಲನ್ನು ಜಲ್ಲಿಗೆ ಗಟ್ಟಿಯಾಗಿ ಊರಿದ.

"ಇದೆಯಾ?"

"ಇದೆ."

ಹಿಮ ದಪ್ಪಗಾಗಿ ಅವನ ಟೋಪಿಯ ಮೇಲೆ, ಭುಜದ ಮೇಲೆ ಕೂರತೊಡಗಿತು. ಅವನು ಅಲುಗಲಿಲ್ಲ. ಕೆಳಗೆ ಮೀನಿನ ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.